1248 ಸಿಸಿ: ಹಲವು ಬಾನೆಟ್ಟುಗಳ ಕೆಳಗಿನ ಒಂದೇ ಇಂಜಿನ್

ಬಾನೆಟ್ಟಿನ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಸರಿ, ಹೆಡ್ ಇಳಿಸಿ ಅಳೆದರೆ ಬೋರು 69.6 ಮಿಲಿಮೀಟರ್. ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ 82 ಮಿಲಿಮೀಟರ್. ಲೆಕ್ಕ ಹಾಕಿದರೆ ಒಂದು ಸಿಲಿಂಡರಿಗೆ 312 ಸಿಸಿ, ನಾಲ್ಕಕ್ಕೆ 1248. ಮಾರುತಿ ಸ್ವಿಫ್ಟ್ ಡೀಸೆಲ್, ಡಿಸೈರ್, ರಿಟ್ಜ್, ಎರ್ಟಿಗಾ, ಬ್ರೆಜಾದಲ್ಲಿ ಇದೇ ಅಳತೆ. ಟಾಟಾ ಇಂಡಿಕಾ ವಿಸ್ಟಾ ಮತ್ತು ಮಾಂಝಾದಲ್ಲಿ ಇದೇ. ಫಿಯೆಟ್ ಪುಂಟೊ, ಲಿನಿಯಾದಲ್ಲಿ ಇದೇ. ಷೆವರ್ಲೆ ಸೇಲ್, ಎಂಜಾಯ್ ತೆರೆದರೂ ಇದೇ. ಒಬ್ಬರು ಡಿಡಿಐಎಸ್ ಅಂದರು, ಒಬ್ಬರು ಕ್ವಾಡ್ರಾಜೆಟ್, ಒಬ್ಬರು ಮಲ್ಟಿಜೆಟ್, ಇನ್ನೊಬ್ಬರು ಸ್ಮಾರ್ಟೆಕ್. ಹೆಸರು ಬೇರೆಯಾದರೂ ಹುಟ್ಟಿದ ಮನೆ ಒಂದೇ.

ರಾಣೆಬೆನ್ನೂರಿನಲ್ಲಿ ಪಿ.ಬಿ. ರೋಡಿನ ಬದಿಗೆ ನನ್ನ ಗ್ಯಾರೇಜು. ಸೋಮವಾರ, ಗುರುವಾರ ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದಿನ. ಆ ದಿನಗಳಲ್ಲಿ ಬಳ್ಳಾರಿ, ರಾಯಚೂರು, ಕರ್ನೂಲು ಕಡೆಯಿಂದ ಬಂದವರ ಗಾಡಿಗಳು ಮೋಟೆಬೆನ್ನೂರು ಹಾದು ಈ ಕಡೆಗೂ ಬರುತ್ತವೆ. ಗಾಡಿ ರಿಪೇರಿಯಾಗುವ ತನಕ ಮಾಲೀಕರಿಗೂ ಡ್ರೈವರುಗಳಿಗೂ ಮಾತು ನಡೆದೇ ಇರುತ್ತದೆ. "ಟಾಟಾದ ಇಂಜಿನ್ ಗಟ್ಟಿ ಬಿಡ್ರಿ, ಮಾರುತಿದು ಮೈಲೇಜಿಗೆ ಮಾತ್ರ ಛಲೋ" ಎಂದು ಒಬ್ಬರು. "ಏ, ಸುಜುಕಿ ಅಂದ್ರ ಜಪಾನದವ್ರು ಮಾಡಿದ್ದು, ಅದಕ್ಕ ಸರಿಗಟ್ಟೂದು ಯಾವುದಿಲ್ಲ" ಎಂದು ಇನ್ನೊಬ್ಬರು. ನಾನು ಎರಡೂ ಗಾಡಿಯ ಬಾನೆಟ್ಟು ಎತ್ತಿ ನಿಲ್ಲಿಸಿ ತೋರಿಸುತ್ತೇನೆ. ಜಪಾನಿನದೂ ಅಲ್ಲ, ಪುಣೆಯದೂ ಅಲ್ಲ. ಇದರ ಬೇರು ಇಟಲಿಯಲ್ಲಿ, ಅದರಲ್ಲೂ ಒಂದು ಕವಲು ತೆಂಕಣ ತುದಿಯ ಬಾರಿ ಎಂಬ ಬಂದರು ಊರಿನಲ್ಲಿ. ಈ ಕಥೆಯನ್ನು ನನ್ನ ಬಳಿ ಕೆಲಸ ಕಲಿಯುವ ಹುಡುಗರಿಗೆ ಪಾನಾ ಹಿಡಿಯುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಹೇಳುತ್ತೇನೆ. ಕೈಯಲ್ಲಿರುವ ವಸ್ತು ಯಾಕೆ ಹೀಗಿದೆ ಎಂದು ತಿಳಿಯದೆ ಅದನ್ನು ಬಿಚ್ಚುವವನು ಅರ್ಧ ಮೇಸ್ತ್ರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಾನು ಕೆಲಸ ಕಲಿತದ್ದು ಡೀಸೆಲ್ ಪಂಪ್ ರೂಮಿನಲ್ಲಿ. ಆಗ ನಮ್ಮ ಭಾಗದಲ್ಲಿ ಡೀಸೆಲ್ ಎಂದರೆ ಲಾರಿ, ಟ್ರ್ಯಾಕ್ಟರ್, ಹೊಲದ ಬಾವಿಯ ಮೇಲಿನ ಇಂಜಿನ್. ಕಾರಿನಲ್ಲಿ ಡೀಸೆಲ್ ಎಂದರೆ ಅಂಬಾಸಿಡರ್, ಅದೂ ಮದುವೆಗೆ ಮತ್ತು ಆಸ್ಪತ್ರೆಗೆ ಬಾಡಿಗೆ ಹೋಗುವ ಗಾಡಿ. ಪಂಪ್ ರೂಮಿನ ಗೋಡೆಗೆ ಮೈಕೊ ಕಂಪನಿಯ ಕ್ಯಾಲೆಂಡರ್ ಇರುತ್ತಿತ್ತು. ಜರ್ಮನಿಯ ಬಾಷ್ ಕಂಪನಿಯ ಕೂಡಿಕೆಯಲ್ಲಿ 1951ರಲ್ಲಿ ಹುಟ್ಟಿದ ಮೈಕೊ ಬೆಂಗಳೂರಿನ ಆಡುಗೋಡಿಯಲ್ಲಿ ಪಂಪು, ನೋಜಲ್ಲು, ಸ್ಪಾರ್ಕ್ ಪ್ಲಗ್ಗು ಮಾಡುತ್ತಿತ್ತು. 2008ರಲ್ಲಿ ಹೆಸರು ಬಾಷ್ ಎಂದು ಬದಲಾಯಿತು, ಆದರೆ ಹಳೆಯ ಮೇಸ್ತ್ರಿಗಳ ಬಾಯಲ್ಲಿ ಇಂದಿಗೂ ಅದು ಮೈಕೊ ನೋಜಲ್ಲೇ. ನನ್ನ ಉಸ್ತಾದರು ನೋಜಲ್ಲನ್ನು ಟೆಸ್ಟರಿಗೆ ಹಾಕಿ ಹಿಡಿಕೆ ಒತ್ತಿ, ಮಂಜಿನಂತೆ ಹರಡಿತೇ ಇಲ್ಲ ಹನಿ ಬಿತ್ತೇ ಎಂದು ನೋಡುತ್ತಿದ್ದರು. 200 ಬಾರ್ ಆಸುಪಾಸಿನ ಒತ್ತಡಕ್ಕೆ ಸ್ಪ್ರಿಂಗು ಸೋತು ಸೂಜಿ ಮೇಲೇಳಬೇಕು, 'ಕರ್ರ್' ಎಂದು ಸದ್ದು ಬರಬೇಕು. ಆ ಸದ್ದಿನಲ್ಲೇ ಅವರು ನೋಜಲ್ಲಿನ ಆಯುಷ್ಯ ಹೇಳುತ್ತಿದ್ದರು.

ಆ ಹಳೆಯ ವ್ಯವಸ್ಥೆಯ ಮಿತಿ ಅರ್ಥವಾದರೆ ಮುಂದಿನದೆಲ್ಲ ಅರ್ಥವಾಗುತ್ತದೆ. ಹಳೆಯ ಪಂಪಿನಲ್ಲಿ ಒತ್ತಡ ಹುಟ್ಟಿಸುವುದು, ಅಳತೆ ಮಾಡುವುದು, ಸಮಯಕ್ಕೆ ಸರಿಯಾಗಿ ಕಳಿಸುವುದು ಮೂರೂ ಒಂದೇ ಪ್ಲಂಜರಿನ ಕೆಲಸ. ಇಂಜಿನ್ ನಿಧಾನ ತಿರುಗಿದರೆ ಪಂಪೂ ನಿಧಾನ, ಒತ್ತಡವೂ ಕಡಿಮೆ. ಗಾಡಿ ನಿಂತಲ್ಲಿಂದ ಎದ್ದು ಹೊರಡಲು ಶಕ್ತಿ ಬೇಕಾದ ಹೊತ್ತಿನಲ್ಲೇ ಸಿಂಪರಣೆ ಕಳಪೆ. ಮೇಲಾಗಿ, ಡೀಸೆಲ್ ಒಳಗೆ ಬಿದ್ದ ತಕ್ಷಣ ಹೊತ್ತುವುದಿಲ್ಲ. ಒಂದು ಕ್ಷಣದ ಸಣ್ಣ ಪಾಲು ತಡವಾಗುತ್ತದೆ. ಅಷ್ಟರಲ್ಲಿ ಒಳಗೆ ಸೇರಿದ ಡೀಸೆಲ್ಲೆಲ್ಲ ಒಮ್ಮೆಗೇ ಹೊತ್ತಿಕೊಂಡು ಬಡಿಯುತ್ತದೆ. ಡೀಸೆಲ್ ಗಾಡಿಯ 'ಟಕಟಕ' ಅದೇ. ಈ ಬಡಿತ ತಗ್ಗಿಸಲು ಅಂಬಾಸಿಡರ್ ಮತ್ತು 1998ರ ಕೊನೆಗೆ ಬಂದ ಟಾಟಾ ಇಂಡಿಕಾದಂಥ ಗಾಡಿಗಳಲ್ಲಿ ಡೀಸೆಲ್ಲನ್ನು ನೇರ ಪಿಸ್ಟನ್ ತಲೆಯ ಮೇಲೆ ಬಿಡದೆ ಹೆಡ್ಡಿನೊಳಗಿನ ಒಂದು ಪುಟ್ಟ ಗುಂಡಿಗೆ ಬಿಡುತ್ತಿದ್ದರು. ಉರಿ ಅಲ್ಲಿ ಶುರುವಾಗಿ ಕೆಳಗೆ ಇಳಿಯುತ್ತಿತ್ತು. ಸದ್ದು ಸ್ವಲ್ಪ ಮೆತ್ತಗಾಗುತ್ತಿತ್ತು. ಆದರೆ ಆ ಗುಂಡಿಯ ಗೋಡೆಗಳಿಗೆ ಬಿಸಿ ಸೋರಿ ಡೀಸೆಲ್ ಪೋಲಾಗುತ್ತಿತ್ತು. ಮೊದಲ ಇಂಡಿಕಾದ 1405 ಸಿಸಿ ಇಂಜಿನ್ ಕೊಡುತ್ತಿದ್ದದ್ದು 54 ಅಶ್ವಶಕ್ತಿಯ ಆಸುಪಾಸು. ಅದಕ್ಕಿಂತ ಚಿಕ್ಕದಾದ 1248 ಸಿಸಿ ಇಂಜಿನ್ ಎಂಟೇ ವರ್ಷದ ಬಳಿಕ ಸ್ವಿಫ್ಟಿನಲ್ಲಿ ಬಂದಾಗ ಕೊಟ್ಟದ್ದು 75. ಆ ವ್ಯತ್ಯಾಸದ ಹಿಂದೆ ಬಾರಿಯ ಕೆಲಸವಿದೆ.

ಫಿಯೆಟ್ ಕಂಪನಿ 1980ರ ದಶಕದಲ್ಲಿ ಕ್ರೋಮಾ ಎಂಬ ಕಾರಿನಲ್ಲಿ ಡೀಸೆಲ್ಲನ್ನು ನೇರವಾಗಿ ಸಿಲಿಂಡರಿಗೇ ಬಿಡುವ ಟರ್ಬೊ ಇಂಜಿನ್ ತಂದಿತು. ಕಾರುಗಳಲ್ಲಿ ಅದೇ ಮೊದಲು. ಡೀಸೆಲ್ ಉಳಿಯಿತು, ಸದ್ದು ಲಾರಿಯದಾಯಿತು. ಆ ಸದ್ದನ್ನು ಅಡಗಿಸುವುದು ಹೇಗೆ ಎಂಬ ಪ್ರಶ್ನೆ ಫಿಯೆಟ್ಟಿನ ಸಂಶೋಧನಾ ಕೇಂದ್ರ, ಮಾಗ್ನೆಟಿ ಮರೆಲ್ಲಿ ಮತ್ತು ಬಾರಿಯ ಎಲಾಸಿಸ್ ಘಟಕಗಳ ಮುಂದೆ ಬಂದಿತು. ಮಾರಿಯೊ ರಿಕ್ಕೊ ಎಂಬ ಭೌತವಿಜ್ಞಾನಿ ಈ ಕೆಲಸದ ಮುಂಚೂಣಿಯಲ್ಲಿದ್ದವರು. ಅವರು ಹಿಡಿದ ದಾರಿಯ ಮೂಲ ಯೋಚನೆ ಹೊಸದಲ್ಲ. ಸ್ವಿಟ್ಜರ್ಲೆಂಡಿನಲ್ಲಿ ರಾಬರ್ಟ್ ಹೂಬರ್ 1960ರ ದಶಕದಲ್ಲೇ ಅದರ ಮಾದರಿಯ ಮೇಲೆ ದುಡಿದಿದ್ದರು. ಜಪಾನಿನ ಡೆನ್ಸೊ 1995ರಲ್ಲಿ ಹಿನೊ ಲಾರಿಗೆ ಅಂಥದೇ ವ್ಯವಸ್ಥೆ ಕೂಡಿಸಿತು. ಕಾರಿಗೆ ಒಗ್ಗುವ ಹಾಗೆ, ಕಾರಿನ ಬೆಲೆಗೆ ಎಟಕುವ ಹಾಗೆ ಅದನ್ನು ಮಾಡಿ ತೋರಿಸಿದ್ದು ಇಟಲಿಯವರು.

ದಾರಿ ಇಷ್ಟು: ಒತ್ತಡ ಹುಟ್ಟಿಸುವ ಕೆಲಸವನ್ನೂ ಸಿಂಪಡಿಸುವ ಕೆಲಸವನ್ನೂ ಬೇರೆ ಮಾಡಿಬಿಡುವುದು. ಪಂಪು ಒಂದು ದಪ್ಪ ಉಕ್ಕಿನ ಕೊಳವೆಯಲ್ಲಿ ಡೀಸೆಲ್ಲನ್ನು ಸದಾ ಒತ್ತಿ ತುಂಬಿಟ್ಟಿರುತ್ತದೆ. ನಾವು ರೇಲ್ ಎನ್ನುವುದು ಆ ಕೊಳವೆಗೆ. ನಾಲ್ಕೂ ಇಂಜೆಕ್ಟರುಗಳು ಅದಕ್ಕೇ ಅಂಟಿಕೊಂಡಿರುತ್ತವೆ, ಅದಕ್ಕೇ ಈ ವ್ಯವಸ್ಥೆಗೆ ಕಾಮನ್ ರೇಲ್ ಎಂಬ ಹೆಸರು. ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಇಸಿಯು ಎಂಬ ಇಂಜಿನ್ನಿನ ಕಂಪ್ಯೂಟರು ಕರೆಂಟಿನಲ್ಲಿ ಹೇಳುತ್ತದೆ. ಇಂಜಿನ್ ನಿಧಾನ ತಿರುಗುತ್ತಿದ್ದರೂ ಬೇಕಾದ ಒತ್ತಡ ಸಿಗುತ್ತದೆ.

ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಅಲ್ಲ. 1350 ಬಾರ್ ಒತ್ತಡದಲ್ಲಿ ಕೂತಿರುವ ಸೂಜಿಯನ್ನು ಬೆರಳ ಗಾತ್ರದ ಕಾಯಿಲು ಎಳೆದು ಎತ್ತಲಾರದು. ಅದಕ್ಕೆ ಹೂಡಿದ ಉಪಾಯ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಸೂಜಿಯ ಕೆಳಗೂ ಮೇಲೂ ಅದೇ ಒತ್ತಡದ ಡೀಸೆಲ್ ಇರುತ್ತದೆ, ಹಾಗಾಗಿ ಸೂಜಿ ಅಲುಗದೆ ಕೂತಿರುತ್ತದೆ. ಕಾಯಿಲು ಎತ್ತುವುದು ಸೂಜಿಯನ್ನಲ್ಲ, ಮೇಲಿನ ಕೋಣೆಯ ತೂತು ಮುಚ್ಚಿದ ಒಂದು ಪುಟ್ಟ ಗುಂಡನ್ನು. ತೂತು ತೆರೆದಾಗ ಮೇಲಿನ ಒತ್ತಡ ಇಳಿಯುತ್ತದೆ, ಕೆಳಗಿನ ಡೀಸೆಲ್ಲೇ ಸೂಜಿಯನ್ನು ಮೇಲಕ್ಕೆ ತಳ್ಳುತ್ತದೆ. ಡೀಸೆಲ್ಲಿನ ಬಲವನ್ನೇ ಡೀಸೆಲ್ಲಿನ ಬಾಗಿಲು ತೆರೆಯಲು ಬಳಸಿದ್ದು. ಮೇಲಿನ ಕೋಣೆಯಿಂದ ಹೊರಬಿದ್ದ ಡೀಸೆಲ್ ಸಣ್ಣ ಪೈಪಿನಲ್ಲಿ ಟ್ಯಾಂಕಿಗೆ ವಾಪಸು ಹೋಗುತ್ತದೆ. ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ನಾವು ಮೊದಲು ಮಾಡುವ ಪರೀಕ್ಷೆ ಇದರದೇ: ನಾಲ್ಕು ವಾಪಸು ಪೈಪುಗಳನ್ನು ನಾಲ್ಕು ಬಾಟಲಿಗೆ ಇಳಿಸಿ ನೋಡುವುದು. ಯಾವ ಬಾಟಲಿ ಬೇಗ ತುಂಬುತ್ತದೋ ಆ ಇಂಜೆಕ್ಟರಿನ ಬಾಗಿಲು ಸವೆದಿದೆ.

ಈ ವ್ಯವಸ್ಥೆಗೆ ಫಿಯೆಟ್ ಇಟ್ಟ ಹೆಸರು ಯೂನಿಜೆಟ್. ಅದು ಸಿದ್ಧವಾಗುವ ಹೊತ್ತಿಗೆ ಕಂಪನಿಗೆ ದುಡ್ಡಿನ ಮುಗ್ಗಟ್ಟು. 1994ರಲ್ಲಿ ಹಕ್ಕುಗಳನ್ನು ಬಾಷ್ ಕಂಪನಿಗೆ ಕೊಟ್ಟರು. ಸಾವಿರಾರು ಗಾಡಿಗಳಿಗೆ ಒಂದೇ ನಿಖರತೆಯಲ್ಲಿ ಮಾಡಿಕೊಡುವ ಸಾಮರ್ಥ್ಯ ಬಾಷ್‌ಗಿತ್ತು. 1997ರಲ್ಲಿ ಆಲ್ಫಾ ರೋಮಿಯೊ 156 ಕಾರು ಇದನ್ನು ಹೊತ್ತು ಮೊದಲು ಬೀದಿಗೆ ಬಂದಿತು, ಹಿಂದೆಯೇ ಮರ್ಸಿಡಿಸ್ ಬಂದಿತು. ಹೀಗೆ ನಮ್ಮ ಪಂಪ್ ರೂಮಿನ ಕ್ಯಾಲೆಂಡರಿನ ಮೂಲ ಕಂಪನಿಯ ಮೂಲಕವೇ ಬಾರಿಯ ವಿದ್ಯೆ ಲೋಕಕ್ಕೆ ಹರಡಿತು. ಕಂಡುಹಿಡಿದವರಿಗೆ ಸಿಗಬೇಕಾದ ಹೆಸರು ಸಿಗಲಿಲ್ಲ ಎಂದು ನನಗೆ ಅನಿಸುತ್ತದೆ. ಕಾಮನ್ ರೇಲ್ ಎಂದರೆ ಜರ್ಮನಿಯದು ಎಂದೇ ನಮ್ಮ ಕಡೆಯ ಎಷ್ಟೋ ಮೇಸ್ತ್ರಿಗಳು ನಂಬಿದ್ದಾರೆ.

ಯೂನಿಜೆಟ್‌ನಲ್ಲಿ ಒಂದು ಉರಿಗೆ ಎರಡು ಸಿಂಪರಣೆ. ಮೊದಲು ಒಂದು ತೊಟ್ಟು, ಅದು ಹೊತ್ತಿದ ಮೇಲೆ ಮುಖ್ಯ ಪಾಲು. ಒಲೆ ಹೊತ್ತಿಸುವಾಗ ಮೊದಲು ಚಕ್ಕೆಗೆ ಕಿಡಿ ತಾಗಿಸಿ ಆಮೇಲೆ ಕಟಗಿ ಇಡುತ್ತಾರಲ್ಲ, ಆ ಕ್ರಮ. ಒಳಗೆ ಆಗಲೇ ಬಿಸಿ ಇರುವುದರಿಂದ ಮುಖ್ಯ ಪಾಲು ಬೀಳುತ್ತಲೇ ಹೊತ್ತುತ್ತದೆ, ಒಮ್ಮೆಗೇ ಬಡಿಯುವುದಿಲ್ಲ. ಇದನ್ನೇ ಮುಂದುವರಿಸಿ ಒಂದೇ ಉರಿಗೆ ಐದರವರೆಗೂ ಸಿಂಪರಣೆ ಮಾಡುವುದೇ ಮಲ್ಟಿಜೆಟ್. ಎರಡು ಸಿಂಪರಣೆಗಳ ನಡುವಿನ ಬಿಡುವನ್ನು 1500 ಮೈಕ್ರೊಸೆಕೆಂಡಿನಿಂದ 150ಕ್ಕೆ ಇಳಿಸಿದ್ದೇವೆ, ಅತಿ ಸಣ್ಣ ತೊಟ್ಟನ್ನು 2 ಘನ ಮಿಲಿಮೀಟರಿನಿಂದ ಒಂದಕ್ಕಿಂತ ಕಡಿಮೆಗೆ ತಂದಿದ್ದೇವೆ ಎಂದು ಫಿಯೆಟ್ ಹೇಳಿಕೊಂಡಿತು. ಲೆಕ್ಕ ನೋಡಿ: ಎರಡು ಸುತ್ತಿಗೆ ಒಂದು ಉರಿ, ಹಾಗಾಗಿ ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲಿ ಸೆಕೆಂಡಿಗೆ 16ಕ್ಕಿಂತ ಹೆಚ್ಚು ಸಲ ಉರಿ ಏಳುತ್ತದೆ. ಪ್ರತಿ ಉರಿಗೂ ಐದು ಸಿಂಪರಣೆ ಎಂದರೆ ಒಂದು ಇಂಜೆಕ್ಟರು ಸೆಕೆಂಡಿಗೆ 80ಕ್ಕೂ ಹೆಚ್ಚು ಸಲ ಬಾಯಿ ತೆರೆದು ಮುಚ್ಚಬೇಕು. ಹಾವೇರಿಯಿಂದ ಹುಬ್ಬಳ್ಳಿಗೆ ಹೋಗಿ ಮುಟ್ಟುವಷ್ಟರಲ್ಲಿ ಅದು ಲಕ್ಷಗಟ್ಟಲೆ ಸಲ ಆಡಿರುತ್ತದೆ. ಅಂಥದಕ್ಕೆ ನೀರು ಬೆರೆತ ಡೀಸೆಲ್ ಹಾಕುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ದೊಡ್ಡ ಇಂಜಿನ್ನಿನಲ್ಲಿ ಇದನ್ನೆಲ್ಲ ಮಾಡುವುದು ಒಂದು ಬಗೆ, ಚಿಕ್ಕದರಲ್ಲಿ ಮಾಡುವುದೇ ಬೇರೆ ಬಗೆ. ಸಿಲಿಂಡರು ಚಿಕ್ಕದಾದಷ್ಟೂ ಒಳಗಿನ ಗಾಳಿಗೆ ಹೋಲಿಸಿದರೆ ಸುತ್ತಲ ಗೋಡೆ ಹೆಚ್ಚು, ಬಿಸಿ ಬೇಗ ಸೋರುತ್ತದೆ. ನೋಜಲ್ಲಿನಿಂದ ಹೊರಟ ಡೀಸೆಲ್ ಗಾಳಿಯೊಂದಿಗೆ ಬೆರೆಯುವ ಮೊದಲೇ ಗೋಡೆಗೆ ಬಡಿದು ಹಸಿಯಾಗಿ ಉಳಿಯುತ್ತದೆ, ಹೊಗೆಯಾಗುತ್ತದೆ. 312 ಸಿಸಿ ಸಿಲಿಂಡರಿನಲ್ಲಿ ನೇರ ಸಿಂಪರಣೆ ಎಂದರೆ ಆ ಕಾಲಕ್ಕೆ ಧೈರ್ಯದ ಮಾತು. ಸಣ್ಣ ಸಣ್ಣ ತೊಟ್ಟುಗಳಾಗಿ ಒಡೆದು ಬಿಡುವ ಮಲ್ಟಿಜೆಟ್ ವಿದ್ಯೆ ಇದ್ದುದರಿಂದಲೇ ಆ ಧೈರ್ಯ ಬಂದದ್ದು. ಇದರ ಜೊತೆಗೆ ಒಂದು ಸಿಲಿಂಡರಿಗೆ ನಾಲ್ಕು ವಾಲ್ವು, ಒಟ್ಟು 16. ಎರಡು ಕ್ಯಾಮ್ ಶಾಫ್ಟುಗಳು, ಅವುಗಳನ್ನು ಹೊತ್ತ ಅಲ್ಯುಮಿನಿಯಂ ಪೆಟ್ಟಿಗೆ ಹೆಡ್ಡಿನ ಮೇಲೆ ಬೇರೆಯಾಗಿ ಕೂರುತ್ತದೆ. ಬ್ಲಾಕು ಬೀಡಿನದು. ಬೆಲ್ಟಿನ ಬದಲು ಚೈನು. ಉದ್ದ 50 ಸೆಂಟಿಮೀಟರಿಗಿಂತ ಕಡಿಮೆ, ಎತ್ತರ 65 ಸೆಂಟಿಮೀಟರಿನಷ್ಟು, ತೂಕ 140 ಕಿಲೊ ಆಸುಪಾಸು. ಅಡ್ಡಲಾಗಿ ಇಟ್ಟರೆ ಎಂಥ ಸಣ್ಣ ಕಾರಿನ ಮೂತಿಯಲ್ಲೂ ಹಿಡಿಸುತ್ತದೆ. ಹಂಚಿಕೊಳ್ಳಲೆಂದೇ ಹುಟ್ಟಿದ ಗಾತ್ರ ಅದು.

ಹಂಚಿಕೆಯ ಹಿಂದೆ ಹಣದ ಕಥೆ ಇದೆ. 2000ರ ಮಾರ್ಚಿನಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಫಿಯೆಟ್‌ನ ಕಾರು ವಿಭಾಗದಲ್ಲಿ ಶೇ 20 ಪಾಲು ತೆಗೆದುಕೊಂಡಿತು. ಇಬ್ಬರೂ ಕೂಡಿ ಇಂಜಿನ್ ಮತ್ತು ಗೇರ್‌ಬಾಕ್ಸಿಗೆಂದೇ ಒಂದು ಕಂಪನಿ ಕಟ್ಟಿದರು. ಫಿಯೆಟ್‌ಗೆ ಬಂಡವಾಳ ಬೇಕಿತ್ತು, ಜನರಲ್ ಮೋಟರ್ಸಿಗೆ ಯೂರೋಪಿನಲ್ಲಿ ಮಾರುವ ಓಪೆಲ್ ಕಾರುಗಳಿಗೆ ಒಳ್ಳೆಯ ಸಣ್ಣ ಡೀಸೆಲ್ ಬೇಕಿತ್ತು. ಆ ಕೂಡಿಕೆಯಲ್ಲಿ ಹುಟ್ಟಿದ್ದು ಈ ಸಣ್ಣ ಡೀಸೆಲ್ ಇಂಜಿನ್. 2003ರಲ್ಲಿ ಪೋಲೆಂಡಿನ ಬಿಯೆಲ್ಸ್ಕೊ-ಬಿಯಾವಾ ಊರಿನ ಕಾರ್ಖಾನೆಯಲ್ಲಿ ಕೆಲಸ ಶುರು. ಹಿಂದೆ ಫಿಯೆಟ್ 126 ಎಂಬ ಬಡವರ ಕಾರು ತಯಾರಾಗುತ್ತಿದ್ದ ಊರು ಅದು. 2005ರಲ್ಲಿ ಈ ಇಂಜಿನ್ 1ರಿಂದ 1.4 ಲೀಟರ್ ವಿಭಾಗದಲ್ಲಿ ವರ್ಷದ ಅಂತರರಾಷ್ಟ್ರೀಯ ಇಂಜಿನ್ ಪ್ರಶಸ್ತಿ ಗೆದ್ದಿತು. ಅದೇ ವರ್ಷದ ಫೆಬ್ರುವರಿಯಲ್ಲಿ ತಂದೆತಾಯಿಯ ಸಂಬಂಧವೇ ಮುರಿದಿತ್ತು. ಫಿಯೆಟ್ಟಿನ ಉಳಿದ ಪಾಲನ್ನೂ ಕೊಳ್ಳಲೇಬೇಕಾದ ಕರಾರಿನಿಂದ ಪಾರಾಗಲು ಜನರಲ್ ಮೋಟರ್ಸ್ 155 ಕೋಟಿ ಯೂರೊ ತೆತ್ತು ಹೊರನಡೆಯಿತು. ಆದರೆ ಈ ಇಂಜಿನ್ನಿನ ವಿನ್ಯಾಸದ ಹಕ್ಕು ಇಬ್ಬರ ಬಳಿಯೂ ಉಳಿಯಿತು. ಹಾಗಾಗಿಯೇ ಮುಂದೆ ಭಾರತದಲ್ಲಿ ಫಿಯೆಟ್ ಒಂದು ಕಡೆಯಿಂದ, ಷೆವರ್ಲೆ ಇನ್ನೊಂದು ಕಡೆಯಿಂದ ಅದೇ ಇಂಜಿನ್ ಹೊತ್ತು ಬರಲು ಸಾಧ್ಯವಾದದ್ದು.

ಸುಜುಕಿ ಈ ಮನೆಗೆ ಬಂದ ಬಾಗಿಲೂ ಜನರಲ್ ಮೋಟರ್ಸೇ. ಆಗ ಸುಜುಕಿಯಲ್ಲಿ ಜನರಲ್ ಮೋಟರ್ಸಿಗೆ ಶೇ 20 ಪಾಲಿತ್ತು. ಹಂಗೇರಿಯಲ್ಲಿ ಸುಜುಕಿ ಮಾಡುತ್ತಿದ್ದ ಇಗ್ನಿಸ್ ಕಾರಿಗೆ 2003ರಲ್ಲೇ ಈ ಇಂಜಿನ್ ಕೂತಿತ್ತು. ಭಾರತದಲ್ಲಿ ಮಾಡಲು ಫಿಯೆಟ್‌ನಿಂದ ಪರವಾನಗಿ ಪಡೆದು, ಹರಿಯಾಣದ ಮಾನೇಸರದಲ್ಲಿ ಕಾರ್ಖಾನೆ ಕಟ್ಟಿ, 2007ರ ಜನವರಿಯಲ್ಲಿ ಸ್ವಿಫ್ಟ್ ಡೀಸೆಲ್ ಬಿಟ್ಟರು. 4000 ಸುತ್ತಿನಲ್ಲಿ 75 ಅಶ್ವಶಕ್ತಿ, 2000 ಸುತ್ತಿನಲ್ಲೇ 190 ನ್ಯೂಟನ್ ಮೀಟರ್ ಎಳೆತ. ಮರುವರ್ಷ ಡಿಸೈರ್. ಅತ್ತ ಫಿಯೆಟ್ ಮತ್ತು ಟಾಟಾ ಕೂಡಿ ಪುಣೆ ಹತ್ತಿರದ ರಂಜನಗಾಂವದಲ್ಲಿ ಇದೇ ಇಂಜಿನ್ ಮಾಡತೊಡಗಿದವು. 2008ರಲ್ಲಿ ಇಂಡಿಕಾ ವಿಸ್ಟಾ, 2009ರಲ್ಲಿ ಲಿನಿಯಾ, ಪುಂಟೊ, ಮಾಂಝಾ. ಮುಂದೆ ಪ್ರೀಮಿಯರ್ ಕಂಪನಿಯ ರಿಯೊ ಕೂಡ ಇದನ್ನು ಹಾಕಿಕೊಂಡಿತು. ವಾಲ್ಚಂದ್ ಹಿರಾಚಂದರು ಕಟ್ಟಿ, ಮುಂಬೈಯ ಕುರ್ಲಾದಲ್ಲಿ ದಶಕಗಟ್ಟಲೆ ಫಿಯೆಟ್ 1100 ಮತ್ತು ಪದ್ಮಿನಿ ತಯಾರಿಸಿದ ಕಂಪನಿ ಅದು.

ಲೆಕ್ಕ ಬಲ್ಲವರಿಗೆ ಖುಷಿ ಕೊಡುವ ಗಾಡಿ 2011ರ ಷೆವರ್ಲೆ ಬೀಟ್ ಡೀಸೆಲ್. ಅದರ ಇಂಜಿನ್ 936 ಸಿಸಿ, ಮೂರು ಸಿಲಿಂಡರು. 312ನ್ನು ಮೂರರಿಂದ ಗುಣಿಸಿ ನೋಡಿ. ಇದೇ ಇಂಜಿನ್ನಿನ ಒಂದು ಸಿಲಿಂಡರು ತೆಗೆದು ಮಾಡಿದ್ದು ಎಂದು ನಾನು ಹುಡುಗರಿಗೆ ಹೇಳಿದಾಗ ಅವರ ಮುಖ ಅರಳಿದ್ದು ನನಗೆ ನೆನಪಿದೆ.

ಸ್ವಿಫ್ಟ್ ಡೀಸೆಲ್ ನಮ್ಮ ಭಾಗಕ್ಕೆ ಬಂದಾಗ ಆದ ಬದಲಾವಣೆ ದೊಡ್ಡದು. 2010ರ ಜೂನಿನಲ್ಲಿ ಪೆಟ್ರೋಲ್ ಬೆಲೆ ನಿಯಂತ್ರಣ ತೆಗೆದರು, ಡೀಸೆಲ್ಲಿನದು ಉಳಿಸಿದರು. 2012ರ ಮೇ ಏರಿಕೆಯ ಬಳಿಕ ಲೀಟರಿಗೆ 30 ರೂಪಾಯಿ ಆಸುಪಾಸಿನ ಅಂತರ. ಮೆಣಸಿನಕಾಯಿ ದಲ್ಲಾಲರು, ಬೀಜೋತ್ಪಾದನೆಯ ಏಜೆಂಟರು, ಹತ್ತಿ ವ್ಯಾಪಾರಿಗಳು ದಿನಕ್ಕೆ ನೂರಾರು ಕಿಲೊಮೀಟರ್ ತಿರುಗುವ ಮಂದಿ. ಬ್ಯಾಡಗಿಯಿಂದ ಹಿರೇಕೆರೂರು, ಅಲ್ಲಿಂದ ಹಾನಗಲ್ಲು, ಸಂಜೆಗೆ ಹುಬ್ಬಳ್ಳಿ. ಅವರೆಲ್ಲ ಡೀಸೆಲ್ ಕಾರಿಗೆ ಮುಗಿಬಿದ್ದರು. ದಾವಣಗೆರೆ, ಹುಬ್ಬಳ್ಳಿ ಆಸ್ಪತ್ರೆಗಳಿಗೆ ರೋಗಿಗಳನ್ನು ಒಯ್ಯುವ ಬಾಡಿಗೆ ಗಾಡಿಗಳಲ್ಲಿ ಅಂಬಾಸಿಡರ್ ಹೋಗಿ ಇಂಡಿಕಾ ಬಂದಿತ್ತು, ಇಂಡಿಕಾ ಹೋಗಿ ಡಿಸೈರ್ ಬಂದಿತು. ಹಣ ಕಟ್ಟಿ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಮಾನೇಸರದಲ್ಲಿ ತಯಾರಾದ ಇಂಜಿನ್ನು ಸಾಲದೆ, 2012ರ ಜನವರಿಯಲ್ಲಿ ಮಾರುತಿ ಸುಜುಕಿ ಫಿಯೆಟ್ ಜೊತೆಗೇ ಒಪ್ಪಂದ ಮಾಡಿಕೊಂಡಿತು: ಮೂರು ವರ್ಷ, ವರ್ಷಕ್ಕೆ 1 ಲಕ್ಷದವರೆಗೆ ಇಂಜಿನ್ನು ರಂಜನಗಾಂವದಿಂದ. ಅಂದರೆ ಟಾಟಾ ಗಾಡಿಗೆ ಇಂಜಿನ್ ಹೊರಡುವ ಕಾರ್ಖಾನೆಯಿಂದಲೇ ಮಾರುತಿ ಗಾಡಿಗೂ ಹೊರಟಿತು. ನನ್ನ ಗ್ಯಾರೇಜಿನ ಕಟ್ಟೆಯ ಮೇಲೆ ಕೂತು ಟಾಟಾ ಮೇಲೋ ಮಾರುತಿ ಮೇಲೋ ಎಂದು ವಾದಿಸುವವರಿಗೆ ನಾನು ಹೇಳುವ ಕೊನೆಯ ಸಂಗತಿ ಇದೇ.

ಹಾಗೆಂದು ಎಲ್ಲ ಸಾಮಾನೂ ಅದಲು ಬದಲಾಗುತ್ತದೆ ಎಂದು ಯಾರೂ ತಿಳಿಯಬಾರದು. ಒಳಗಿನ ಎಲುಬುಗೂಡು ಒಂದೇ. ಆದರೆ ಇಸಿಯು ಬೇರೆ, ವೈರಿಂಗು ಬೇರೆ, ಇಂಜಿನ್ ಕೂರುವ ಮೌಂಟುಗಳು ಬೇರೆ. ಟರ್ಬೊದಲ್ಲೂ ಎರಡು ಬಗೆ: ರೆಕ್ಕೆ ಅಲುಗದ ಟರ್ಬೊ ಇದ್ದರೆ 75 ಅಶ್ವಶಕ್ತಿ, ರೆಕ್ಕೆಯ ಕೋನ ಬದಲಾಗುವ ಟರ್ಬೊ ಇದ್ದರೆ 90. ಎರ್ಟಿಗಾ, ಬ್ರೆಜಾ, ಲಿನಿಯಾದ ಮೇಲ್ದರ್ಜೆಯ ಗಾಡಿಗಳಲ್ಲಿ ಎರಡನೆಯದು. ಒಂದೇ ಇಂಜಿನ್ ಹಗುರವಾದ ಸ್ವಿಫ್ಟಿನಲ್ಲಿ ಚುರುಕು, ಭಾರವಾದ ಲಿನಿಯಾದಲ್ಲಿ ಗಂಭೀರ. ಓಡಿಸುವವರಿಗೆ ಅವು ಬೇರೆ ಬೇರೆ ಇಂಜಿನ್ ಅನಿಸಿದರೆ ಅದು ಅವರ ತಪ್ಪಲ್ಲ.

ಈ ಇಂಜಿನ್ನಿಗೆ ಜೀವಾಳ ಎಂದರೆ ಆಯಿಲ್. ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ನಡೆಯುವುದು ಆಯಿಲ್ ಒತ್ತಡದ ಮೇಲೆ. ಟರ್ಬೊ ತಿರುಗುವುದು ಅದೇ ಆಯಿಲ್ ಪದರದ ಮೇಲೆ. ಚೈನು ಇದೆ, ಬೆಲ್ಟಿನಂತೆ ಬದಲಿಸಬೇಕಿಲ್ಲ ಎಂಬ ಮಾತು ಕೇಳಿ ಮಾಲೀಕರು ಆಯಿಲ್ಲನ್ನೂ ಮರೆತರು. ಆಯಿಲ್ ಕರಿ ಕೆಸರಾಗಿ ಸಂಪಿನ ತಳಕ್ಕೆ ಇಳಿದಿರುತ್ತದೆ, ಚೈನು ಉದ್ದವಾಗಿರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮುಂದಿನ ಕವರಿನಿಂದ ಸರಪಳಿ ಎಳೆದಂಥ ಸದ್ದು. ಆ ಸದ್ದನ್ನು ಲೆಕ್ಕಿಸದೆ ಓಡಿಸಿದ ಒಂದು ಗಾಡಿ ದೇವರಗುಡ್ಡದ ಜಾತ್ರೆಯ ಹೊತ್ತಿಗೆ ನನ್ನಲ್ಲಿಗೆ ಹಗ್ಗ ಕಟ್ಟಿಸಿಕೊಂಡು ಬಂದಿತು. ಚೈನು ಹಾರಿ ವಾಲ್ವುಗಳು ಪಿಸ್ಟನ್ನಿಗೆ ಬಡಿದಿದ್ದವು. "ಅಣ್ಣಾರ, ಆಯಿಲ್ ಕಡಿಮಿ ಆದ್ರ ಚೈನಿಗೆ ಏನ್ ಸಂಬಂಧ್ರೀ?" ಎಂದು ಮಾಲೀಕ ಕೇಳಿದ. ಟೆನ್ಷನರನ್ನು ಅವನ ಅಂಗೈಗೇ ಕೊಟ್ಟು, ಆಯಿಲ್ ಬರುವ ತೂತು ತೋರಿಸಿ, ಒತ್ತಿ ನೋಡಲು ಹೇಳಿದೆ. ಅಂದಿನಿಂದ ಅವನು ಆಯಿಲ್ ಬದಲಿಸುವುದನ್ನು ತಪ್ಪಿಸಿಲ್ಲ.

ನಮ್ಮ ಕಸುಬನ್ನೂ ಈ ಇಂಜಿನ್ ತಿರುಗಿಸಿ ನಿಲ್ಲಿಸಿತು. ಪಂಪ್ ರೂಮಿನ ಕಿವಿಯ ವಿದ್ಯೆ ಇಲ್ಲಿ ಅರ್ಧಕ್ಕೆ ಸಾಕಾಯಿತು. ಸ್ಕ್ಯಾನರ್ ಹಚ್ಚಿ ರೇಲ್ ಒತ್ತಡ ಓದಬೇಕು, ಯಾವ ಇಂಜೆಕ್ಟರಿಗೆ ಇಸಿಯು ಎಷ್ಟು ತಿದ್ದುಪಡಿ ಕೊಡುತ್ತಿದೆ ನೋಡಬೇಕು. ಕೂದಲೆಳೆಗಿಂತ ಸಣ್ಣ ಸವೆತಕ್ಕೂ ಇಂಜೆಕ್ಟರು ಕೆಡುತ್ತದೆ, ಅದನ್ನು ಬಿಚ್ಚಲು ದೂಳಿಲ್ಲದ ಕೋಣೆ ಬೇಕು. ನನ್ನ ಪೀಳಿಗೆಯ ಎಷ್ಟೋ ಪಂಪ್ ಮೇಸ್ತ್ರಿಗಳು ಇದನ್ನು ಕಂಡು ಹಿಂದೆ ಸರಿದು ಟ್ರ್ಯಾಕ್ಟರಿಗೇ ನಿಂತರು. ನದಿಯಾಚೆ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಮಾಡಿದ ಲೇತುಗಳ ಮೇಲೆ ಕ್ರ್ಯಾಂಕು, ಹೆಡ್ಡು ಸವರುವುದನ್ನು ಕಲಿತವರು ಮಾತ್ರ ಈ ಕಾಲಕ್ಕೂ ಒಗ್ಗಿಕೊಂಡರು. ಅಳತೆಯ ಶಿಸ್ತು ಅವರಿಗೆ ಮೊದಲೇ ಇತ್ತು.

ಮೈಲೇಜಿನ ಓಟದಲ್ಲಿ ಈ ಇಂಜಿನ್ ತುದಿ ಮುಟ್ಟಿದ್ದು 2017ರ ಡಿಸೈರಿನಲ್ಲಿ. ಪರೀಕ್ಷಾ ಕೇಂದ್ರದ ಅಳತೆಯಲ್ಲಿ ಲೀಟರಿಗೆ 28.4 ಕಿಲೊಮೀಟರ್. ಅಷ್ಟರಲ್ಲಿ ಇದರ ಕಾಲ ಮುಗಿಯುತ್ತ ಬಂದಿತ್ತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯನ್ನೂ ಮಾರುಕಟ್ಟೆಗೆ ಬಿಟ್ಟರು, ಅಂತರ ಕರಗಿತು. ಸುಜುಕಿ ತನ್ನದೇ ಡೀಸೆಲ್ ಮಾಡಲು ಹೊರಟು 2015ರಲ್ಲಿ ಸೆಲೆರಿಯೊಗೆ 793 ಸಿಸಿಯ ಎರಡು ಸಿಲಿಂಡರಿನ ಇಂಜಿನ್ ಕೂಡಿಸಿತು, ಆಮೇಲೆ 1.5 ಲೀಟರಿನದನ್ನೂ ತಂದಿತು. ಎರಡೂ ಬಹಳ ದಿನ ಬಾಳಲಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ. ಅದಕ್ಕೆ ಹೊಂದಿಸಲು ಮಸಿ ಹಿಡಿಯುವ ಫಿಲ್ಟರು, ನೈಟ್ರೊಜನ್ ಹೊಗೆ ತಗ್ಗಿಸುವ ಉಪಕರಣ ಕೂಡಿಸಬೇಕು. ಲಾರಿಗೆ ಆ ಖರ್ಚು ತಡೆಯುತ್ತದೆ, ಆರೇಳು ಲಕ್ಷದ ಕಾರಿಗೆ ಭಾರ. ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು, ರಂಜನಗಾಂವದಲ್ಲೂ ಈ ಇಂಜಿನ್ ನಿಂತಿತು. ಗಾಳಿಯ ದೃಷ್ಟಿಯಿಂದ ಆ ನಿಯಮ ಸರಿಯಾದದ್ದೇ ಎಂದು ನಾನು ಒಪ್ಪುತ್ತೇನೆ. ಇಡೀ ಆಯುಷ್ಯ ಈ ಹೊಗೆ ಕುಡಿದವನು ನಾನು.

ಆದರೂ ನಮ್ಮ ಹಾವೇರಿ ಜಿಲ್ಲೆಯ ಕೆಎ-27ರ ಗಾಡಿಗಳಲ್ಲಿ ಈ ಇಂಜಿನ್ ಇನ್ನೂ ಬಹಳ ವರ್ಷ ಇರುತ್ತದೆ. 2020ರ ಮಾರ್ಚಿನಲ್ಲಿ ನೋಂದಣಿಯಾದ ಕೊನೆಯ ಡೀಸೆಲ್ ಡಿಸೈರುಗಳಿಗೆ 15 ವರ್ಷ ತುಂಬುವುದು 2035ರಲ್ಲಿ. ಮೂರು ಲಕ್ಷ ಕಿಲೊಮೀಟರ್ ದಾಟಿ ಬಂದವನ್ನು ನಾನು ಬಿಚ್ಚಿದ್ದೇನೆ, ಸರಿಯಾಗಿ ಆಯಿಲ್ ಕಂಡಿದ್ದರೆ ಬೋರಿನಲ್ಲಿ ಕಾರ್ಖಾನೆಯ ಗೀರುಗಳು ಇನ್ನೂ ಕಾಣುತ್ತವೆ. ಚೈನು, ಟೆನ್ಷನರು, ಕ್ಯಾಮ್ ಪೆಟ್ಟಿಗೆಯ ಗ್ಯಾಸ್ಕೆಟ್ಟು ಒಂದೊಂದು ಸೆಟ್ಟನ್ನು ಸದಾ ಅಂಗಡಿಯಲ್ಲಿ ಇಟ್ಟಿರುತ್ತೇನೆ. ಹೊಸ ಹುಡುಗ ಕೆಲಸಕ್ಕೆ ಸೇರಿದಾಗ ಮೊದಲ ವಾರ ಅವನ ಕೈಗೆ ಗುಜರಿಯಿಂದ ತಂದಿಟ್ಟ ಒಂದು ವಿಸ್ಟಾ ಹೆಡ್ಡು ಮತ್ತು ಒಂದು ಸ್ವಿಫ್ಟ್ ಹೆಡ್ಡು ಕೊಟ್ಟು, ಎರಡರಲ್ಲೂ ಎಲ್ಲೆಲ್ಲಿ ಏನೇನು ಒಂದೇ, ಏನೇನು ಬೇರೆ ಎಂದು ಅಳೆದು ಬರೆದು ತರಲು ಹೇಳುತ್ತೇನೆ.